ಯುಗಾದಿಯ ಶುಭಾಶಯ ಬರೆಯುವ ಮುನ್ನ: ಗ್ರಾಮ ಪಂಚಾಯಿತಿಯವರಿಗೊಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಉಪಾಧ್ಯಕ್ಷರೇ, ಸದಸ್ಯರೇ ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೇ,



ಯುಗಾದಿ ಹತ್ತಿರವಾಗುತ್ತಿದೆ. ಇನ್ನೇನು ಡೇರಿಯ ಮುಂದೆ, ಅರಳಿಕಟ್ಟೆಯ ಬಳಿ, ಊರ ಹೆಬ್ಬಾಗಿಲಲ್ಲಿ ನಿಮ್ಮ ಶುಭಾಶಯಗಳು ಕಾಣಿಸಿಕೊಳ್ಳುತ್ತವೆ. ಸಮಸ್ತ ಗ್ರಾಮಸ್ಥರಿಗೆ ಸುಖ, ಶಾಂತಿ, ನೆಮ್ಮದಿ ಕೋರುವ ಆ ಮಾತುಗಳನ್ನು ನಾನು ಹಗುರವಾಗಿ ಕಾಣುವವಳಲ್ಲ. ಹಬ್ಬದ ದಿನ ಊರಿನ ದೊಡ್ಡವರು ನಾಲ್ಕು ಒಳ್ಳೆಯ ಮಾತಾಡುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಆ ಜಾಗದಲ್ಲಿ ಈಗ ನೀವು ಕೂತಿದ್ದೀರಿ. ಆದ್ದರಿಂದಲೇ ಕೇಳುತ್ತಿದ್ದೇನೆ: ಈ ಸಲ ಆ ಹಾರೈಕೆಯ ಜೊತೆಗೆ ಎರಡು ವಿಷಯಗಳನ್ನು ಬಾಯಿಬಿಟ್ಟು ಹೇಳಿ. ನಮ್ಮ ಪಂಚಾಯಿತಿಯ ಯಾವ ಮನೆಯೂ ಹಬ್ಬಕ್ಕಾಗಿ ಹೊಸ ಸಾಲ ಎತ್ತದಂತೆ ನೀವು ಏನು ಮಾಡುತ್ತೀರಿ? ಹಬ್ಬ ಮುಗಿದು ಶಾಲೆ ಮತ್ತೆ ತೆರೆಯುವವರೆಗಿನ ಬೇಸಿಗೆಯಲ್ಲಿ ಯಾವ ಮಗುವೂ ನೀರುಪಾಲಾಗದಂತೆ ಏನು ಮಾಡುತ್ತೀರಿ?

ಇದನ್ನು ಶಾಸಕರಿಗೋ ಜಿಲ್ಲಾಧಿಕಾರಿಗೋ ಬರೆಯಬಹುದಿತ್ತು. ಆದರೆ ಯಾರ ಮನೆಯಲ್ಲಿ ಒಲೆ ತಡವಾಗಿ ಹತ್ತುತ್ತದೆ, ಯಾರ ಗದ್ದೆಯ ಹೊಂಡಕ್ಕೆ ಬೇಲಿಯಿಲ್ಲ, ಯಾವ ಕಂಬದ ಬಲ್ಬು ಉರಿಯುತ್ತಿಲ್ಲ ಎಂಬುದು ಅವರಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರುತ್ತದೆ. ನಿಮ್ಮಲ್ಲಿ ಅರ್ಧದಷ್ಟು ಜನ ಹೆಣ್ಣುಮಕ್ಕಳು. ನಾನು ಮುಂದೆ ಬರೆಯುವುದರಲ್ಲಿ ಬಹುಪಾಲನ್ನು ನೀವು ನಿಮ್ಮ ಮನೆಯಲ್ಲೇ ಕಂಡಿರುತ್ತೀರಿ.

ನನ್ನ ಪರಿಚಯ ಇಷ್ಟೇ. ಮಂಡ್ಯ ಸೀಮೆಯ ಒಂದು ಹಳ್ಳಿಯವಳು. 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ನಮ್ಮೂರಲ್ಲೂ ಸಂಘ ಕಟ್ಟಿದೆವು. ಓದು ಬರಹ ಬಲ್ಲವಳೆಂದು ಅದರ ಪುಸ್ತಕ ಬರೆಯುವ ಕೆಲಸ ನನಗೆ ಬಂತು. ಪುಸ್ತಕ ಬರೆಯುವವಳಿಗೆ ಊರಿನ ಮನೆಗಳ ಒಳಗುಟ್ಟು ತಿಳಿಯುತ್ತದೆ. ಯಾರು ಯಾವಾಗ ಯಾಕೆ ಸಾಲ ಕೇಳಿದರು ಎಂಬುದನ್ನು ಬರೆದುಕೊಂಡೇ ನಾನು ಈ ವಯಸ್ಸಿಗೆ ಬಂದಿದ್ದೇನೆ. ಮದುವೆ, ಆಸ್ಪತ್ರೆ, ಶಾಲೆಯ ಫೀಸು ಇವುಗಳ ನಂತರ ಆ ಪುಸ್ತಕದಲ್ಲಿ ಮತ್ತೆ ಮತ್ತೆ ಬರುವ ಕಾರಣ ಹಬ್ಬ.

ನಮ್ಮ ಕಡೆ ಯುಗಾದಿ ಒಂದು ದಿನದಲ್ಲಿ ಮುಗಿಯುವುದಿಲ್ಲ. ಸುಣ್ಣ ಬಣ್ಣ ಆಗಬೇಕು. ಬೆಂಗಳೂರಿನಿಂದ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ಮಗಳು ಅಳಿಯನನ್ನು ಬರಿಗೈಲಿ ಕಳಿಸುವ ಹಾಗಿಲ್ಲ. ಹಬ್ಬದ ದಿನ ಬೇವು ಬೆಲ್ಲ, ಒಬ್ಬಟ್ಟು. ಮಾರನೆಯ ದಿನ ಹೊಸತೊಡಕು, ಅಂದರೆ ಬಾಡೂಟ. ಅವತ್ತು ಬಾಡಿಲ್ಲದ ಮನೆಯ ಹುಡುಗರು ಬೀದಿಗೆ ಬರಲು ಹಿಂಜರಿಯುತ್ತಾರೆ. ತೊಗರಿಬೇಳೆ, ಎಣ್ಣೆ, ಬೆಲ್ಲ, ಬಟ್ಟೆ, ಮಟನ್ ಎಲ್ಲಕ್ಕೂ ಒಂದೇ ವಾರದಲ್ಲಿ ದುಡ್ಡು ಬೇಕು. ಕಬ್ಬಿನ ಬಿಲ್ಲು ಕೈಸೇರಿರುತ್ತದೆ ಎಂಬ ಖಾತ್ರಿಯಿಲ್ಲ. ಹಾಲಿನ ಬಟವಾಡೆ ಮೇವು ಹಿಂಡಿಗೇ ಸರಿಹೋಗುತ್ತದೆ. ಹೀಗಾಗಿ ಹಬ್ಬದ ಹಿಂದಿನ ತಿಂಗಳಲ್ಲಿ ಊರೊಳಗೆ ಸಾಲ ಕೊಡುವ ಕಂಪನಿಗಳ ವಾರದ ಸಂಘಗಳ ಓಡಾಟ ಹೆಚ್ಚುತ್ತದೆ. ಹತ್ತು ಹೆಂಗಸರು ಸೇರಿ ಆಧಾರ್ ಕಾರ್ಡು ಕೊಟ್ಟರೆ ಸಾಲ ಮಂಜೂರು. ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದು ಕಂಪನಿಯ ಸಾಲ, ಅದಕ್ಕೆ ಮೂರನೆಯದು. ತಿಂಗಳ ಎರಡು ಸಾವಿರ ಗೃಹಲಕ್ಷ್ಮಿ ಹಣ ಬಂದ ದಿನವೇ ಕಂತಿಗೆ ಹೋಗುವ ಮನೆಗಳನ್ನು ನನ್ನ ಬೀದಿಯಲ್ಲೇ ತೋರಿಸಬಲ್ಲೆ.

ಸಾಲ ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತಲಾಗದ ಹೆಣ್ಣಿಗೆ ಅಡವಿಲ್ಲದೆ ಸಾಲ ಸಿಗುವುದು ಸಣ್ಣ ಮಾತಲ್ಲ. ಅದರಿಂದ ಹಸು ಕಟ್ಟಿದವರು, ಹೊಲಿಗೆ ಯಂತ್ರ ತಂದವರು ಇದ್ದಾರೆ. ನನ್ನ ತಕರಾರಿರುವುದು ವಸೂಲಿಯ ರೀತಿಯ ಮೇಲೆ. ಒಮ್ಮೆ ಹಬ್ಬ ಮುಗಿದ ವಾರದಲ್ಲಿ ನಮ್ಮ ಬೀದಿಯ ಜಗಲಿಯೊಂದರಲ್ಲಿ ಇನ್ನೂ ಬೆಳಗಿನ ಹಾಲು ಹಾಕಿ ಬರುವ ಹೊತ್ತಿಗೇ ಕಂತಿನ ಮೀಟಿಂಗ್ ಕೂತಿತ್ತು. ಒಬ್ಬಾಕೆ ಬಂದಿರಲಿಲ್ಲ. 'ಅವರದ್ದು ಕಟ್ಟೋವರೆಗೂ ಯಾರೂ ಏಳಂಗಿಲ್ಲ' ಎಂದು ವಸೂಲಿಗೆ ಬಂದ ಹುಡುಗ ಎಲ್ಲರನ್ನೂ ಕೂರಿಸಿಬಿಟ್ಟ. ಅವನೂ ಯಾವುದೋ ಬಡವರ ಮನೆಯ ಮಗನೇ, ಅವನ ತಲೆಯ ಮೇಲೂ ಟಾರ್ಗೆಟ್ಟಿರುತ್ತದೆ. ಕೂಲಿಗೆ ಹೋಗಬೇಕಾದವರ ಆಳು ತಪ್ಪಿತು. ಮಕ್ಕಳು ಬಂದು ಅಮ್ಮಂದಿರ ಸೆರಗು ಎಳೆಯುತ್ತಿದ್ದವು. ಕೊನೆಗೆ ಬಾರದವಳ ಓರಗಿತ್ತಿ ಎದ್ದುಹೋಗಿ ತನ್ನ ಕಿವಿಯ ಓಲೆ ಗಿರವಿಯಿಟ್ಟು ದುಡ್ಡು ತಂದಳು. ಆ ಇಬ್ಬರ ನಡುವೆ ಮಾತು ನಿಂತುಹೋಗಿ ಬಹಳ ಕಾಲವಾಯಿತು. ಅಲ್ಲಿದ್ದ ಯಾರಿಗೂ, ನನ್ನನ್ನೂ ಸೇರಿಸಿ, ಅವತ್ತು ನಿಯಮವೇನೆಂದು ಗೊತ್ತಿರಲಿಲ್ಲ.

ನಿಯಮ ಇದೆ. ಅದು ನಿಮ್ಮ ಕಚೇರಿಯ ಗೋಡೆಯ ಮೇಲೆ ಇರಬೇಕಿತ್ತು. ವರ್ಷಕ್ಕೆ ಮೂರು ಲಕ್ಷ ರೂಪಾಯಿಯವರೆಗೆ ಆದಾಯವಿರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲವನ್ನು ರಿಸರ್ವ್ ಬ್ಯಾಂಕ್ ಕಿರುಸಾಲವೆಂದು ಕರೆದಿದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಅದರ ನಿರ್ದೇಶನದ ಪ್ರಕಾರ, ಒಂದು ಕುಟುಂಬ ಎಲ್ಲ ಸಾಲಗಳಿಗೂ ಸೇರಿ ತಿಂಗಳಿಗೆ ಕಟ್ಟುವ ಕಂತು ಆ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರುವ ಹಾಗಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಕಂತು ಕಟ್ಟುವ ಜಾಗವನ್ನು ಇಬ್ಬರೂ ಒಪ್ಪಿ ಗೊತ್ತುಮಾಡಬೇಕು. ಸಾಲಗಾರ್ತಿ ಆ ಜಾಗಕ್ಕೆ ಸತತ ಎರಡು ಸಲವಾದರೂ ಬಾರದಿದ್ದರೆ ಮಾತ್ರ ಮನೆಯ ಹತ್ತಿರ ಹೋಗಬಹುದು. ಬೈಯುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರಿಷ್ಟರನ್ನು ಪೀಡಿಸುವಂತಿಲ್ಲ, ಹೆಸರು ಹಿಡಿದು ಸಾರುವಂತಿಲ್ಲ. ಸಾಲದ ಕಾರ್ಡು ಅವಳಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು.

ಇದು ರಿಸರ್ವ್ ಬ್ಯಾಂಕಿನ ಹತೋಟಿಯಲ್ಲಿರುವ ಸಂಸ್ಥೆಗಳ ಮಾತಾಯಿತು. ನೋಂದಣಿಯೇ ಇಲ್ಲದ ಮೀಟರ್ ಬಡ್ಡಿಯವರ ಕಾಟ ತಡೆಯಲೆಂದೇ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಅದನ್ನು ಕಾಯ್ದೆ ಮಾಡಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದು ಅದರಲ್ಲಿದೆ. ಕಿರುಸಾಲದ ಕಾಟಕ್ಕೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ಆ ಚಳಿಗಾಲದಲ್ಲಿ ದಿನಬೆಳಗಾದರೆ ಪತ್ರಿಕೆಯಲ್ಲಿ ಬರುತ್ತಿತ್ತು; ಆ ಕಾನೂನು ಹುಟ್ಟಿದ್ದು ಆ ಸಾವುಗಳಿಂದ. ಆದರೆ ಹಳ್ಳಿಯ ಜಗಲಿಯವರೆಗೆ ಅದನ್ನು ತಂದು ಹೇಳುವವರು ಯಾರು? ನೀವಲ್ಲದೆ ಬೇರೆ ಯಾರೂ ಇಲ್ಲ. ಹಬ್ಬಕ್ಕೆ ಹದಿನೈದು ದಿನ ಮುಂಚೆ ಈ ನಿಯಮಗಳನ್ನು ದಪ್ಪ ಅಕ್ಷರದಲ್ಲಿ ಪಂಚಾಯಿತಿ, ಡೇರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿಗಳ ಗೋಡೆಯ ಮೇಲೆ ಬರೆಸಿ. ಶುಭಾಶಯದ ಫ್ಲೆಕ್ಸಿಗೆ ತೆಗೆದಿಟ್ಟ ದುಡ್ಡು ಇದಕ್ಕೆ ಸಾಕು. ಅಲ್ಲದೆ 2016ರಲ್ಲೇ ನಮ್ಮ ರಾಜ್ಯ ನಿಷೇಧಿಸಿದ ಪ್ಲಾಸ್ಟಿಕ್ ಪಟ್ಟಿಯಲ್ಲಿ ಫ್ಲೆಕ್ಸೂ ಇದೆ. ನೀವೇ ಅದನ್ನು ಕಟ್ಟಿಸಿದರೆ ಅಂಗಡಿಯವನಿಗೆ ಪ್ಲಾಸ್ಟಿಕ್ ಚೀಲ ಕೊಡಬೇಡ ಎಂದು ಹೇಳುವುದು ಹೇಗೆ?

ಸಾಲ ಬೇಡವೆಂದರೆ ಹಬ್ಬ ಮಾಡುವುದು ಹೇಗೆ ಎಂದು ನೀವು ಕೇಳಬಹುದು. ಉತ್ತರ ನಮ್ಮ ಊರುಗಳಲ್ಲೇ ಇದೆ. ಗುಡ್ಡೆ ಬಾಡು ನಿಮಗೆ ಹೊಸದಲ್ಲ. ವರ್ಷವಿಡೀ ವಾರವಾರ ಸಣ್ಣ ಮೊತ್ತ ಕಟ್ಟಿಸಿಕೊಂಡು, ಹಬ್ಬದ ಹೊತ್ತಿಗೆ ಒಟ್ಟಿಗೆ ಆಡು ಕುರಿ ತಂದು, ಹೊಸತೊಡಕಿನ ಬೆಳಗಿನ ಜಾವ ಕೊಯ್ದು, ಬಾಳೆಲೆಯ ಮೇಲೆ ಸಮಸಮ ಗುಡ್ಡೆ ಹಾಕಿ, ಹೆಸರು ಕೂಗಿ ಹಂಚುವ ಪದ್ಧತಿ. ಅಂಗಡಿಯ ರೇಟಿಗಿಂತ ಕಡಿಮೆಗೆ ಬೀಳುತ್ತದೆ. ಅದಕ್ಕಿಂತ ಹೆಚ್ಚಿನದೆಂದರೆ ಇದ್ದವನ ಗುಡ್ಡೆಗೂ ಇಲ್ಲದವನ ಗುಡ್ಡೆಗೂ ವ್ಯತ್ಯಾಸ ಇರುವುದಿಲ್ಲ. ತಲೆ, ಕಾಲು, ಬೋಟಿ ಕೂಡ ಪಾಲಾಗುತ್ತದೆ. ಬಡತನವನ್ನು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿ ಎಲ್ಲರಿಗೂ ಹಬ್ಬ ಸಿಗುವಂತೆ ಮಾಡುವ ಇಂಥ ಏರ್ಪಾಡನ್ನು ಯಾವ ಸರ್ಕಾರವೂ ನಮಗೆ ಕಲಿಸಲಿಲ್ಲ, ಹಳ್ಳಿಯವರು ತಾವೇ ಕಂಡುಕೊಂಡದ್ದು.

ಇದೇ ದಾರಿಯಲ್ಲಿ ಬೇಳೆ, ಬೆಲ್ಲ, ಎಣ್ಣೆಯನ್ನೂ ಯಾಕೆ ತರಬಾರದು? ಪ್ರತಿ ಪಂಚಾಯಿತಿಯಲ್ಲಿ ಮಹಿಳಾ ಸಂಘಗಳ ಸಂಜೀವಿನಿ ಒಕ್ಕೂಟ ಇದೆ. ಲೆಕ್ಕ ಬಲ್ಲ ಹೆಂಗಸರು ಅಲ್ಲಿದ್ದಾರೆ. ಹಬ್ಬಕ್ಕೆ ಬೇಕಾದ ಸಾಮಾನನ್ನು ಒಕ್ಕೂಟ ಒಟ್ಟಾಗಿ ಸಗಟು ಮಂಡಿಯಿಂದ ತಂದು, ಬೆಲ್ಲವನ್ನು ನಮ್ಮದೇ ಆಲೆಮನೆಗಳಿಂದ ಕೊಂಡು, ತೂಕ ಮಾಡಿ ಮನೆಮನೆಗೆ ಕೊಡಲಿ. ಪಂಚಾಯಿತಿ ಒಂದು ಕೋಣೆ ಬಿಟ್ಟುಕೊಟ್ಟರೆ ಸಾಕು. ಹಬ್ಬದ ಚೀಟಿ ನಡೆಸುವ ಖಾಸಗಿಯವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪುಸ್ತಕವಿಲ್ಲದೆ, ರಸೀದಿಯಿಲ್ಲದೆ, ಒಬ್ಬನ ಬಾಯಿಮಾತಿನ ಮೇಲೆ ನಡೆಯುವ ಚೀಟಿಗಳು ಹಬ್ಬದ ಮುನ್ನಾದಿನ ಮುಳುಗುವುದನ್ನು ನಾವೆಲ್ಲ ಕೇಳಿದ್ದೇವೆ. ಚೀಟಿ ಹಾಕುವ ಪ್ರತಿ ಹೆಂಗಸಿಗೂ ಕೈಯಲ್ಲೊಂದು ಕಾರ್ಡು, ತಿಂಗಳಿಗೊಮ್ಮೆ ಎಲ್ಲರೆದುರು ಲೆಕ್ಕ: ಇಷ್ಟನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಹೇಳಿ. ನಿಮ್ಮ ಮಾತಿಗೆ ತೂಕ ಇದೆ.

ಸಂತೆಯಂತೂ ನಿಮ್ಮ ಕೈಯಲ್ಲೇ ಇರುವುದು. ಸಂತೆ ಸುಂಕ ಎತ್ತುವ ಹಕ್ಕನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತೀರಿ. ಹೆಚ್ಚು ಕೂಗಿ ಹಿಡಿದವನು ಆ ದುಡ್ಡನ್ನು ಸೊಪ್ಪು ಮಾರುವ ಅಜ್ಜಿಯಿಂದಲೇ ಎತ್ತಬೇಕು. ಅವಳು ನಮ್ಮಿಂದ ಎತ್ತುತ್ತಾಳೆ. ಯುಗಾದಿಯ ಹಿಂದಿನ ಸಂತೆಯ ದಿನ ನೆಲದ ಮೇಲೆ ಕೂತು ಮಾರುವ ಸಣ್ಣ ವ್ಯಾಪಾರಿಗಳಿಗೆ ಸುಂಕ ಮನ್ನಾ ಮಾಡಿ. ಸುಂಕದ ದರಪಟ್ಟಿಯನ್ನು ಸಂತೆಮಾಳದಲ್ಲಿ ಎದ್ದು ಕಾಣುವ ಹಾಗೆ ಬರೆಸಿ. ಪರೀಕ್ಷಿಸಿದ ಒಂದು ತಕ್ಕಡಿಯನ್ನು ಪಂಚಾಯಿತಿಯ ವತಿಯಿಂದ ಅಲ್ಲಿಟ್ಟು, ಅನುಮಾನ ಬಂದವರು ಕೊಂಡದ್ದನ್ನು ಮತ್ತೆ ತೂಗಿ ನೋಡಲಿ. ಪಂಚಾಯಿತಿಯ ಬೊಕ್ಕಸಕ್ಕೆ ಇದರಿಂದ ಆಗುವ ನಷ್ಟ ದೊಡ್ಡದಲ್ಲ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ನನ್ನನ್ನು ಕೂರಿಸಿದ್ದೇ ಅದು. ಖರ್ಚಿನ ಮಾತಿಗೂ ಇದಕ್ಕೂ ಸಂಬಂಧವಿಲ್ಲವೆಂದು ತಿಳಿಯಬೇಡಿ. ಕಂತು ಕಟ್ಟಬೇಕಾದ ತಾಯಿ ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಗಾರ್ಮೆಂಟ್ಸಿನ ವ್ಯಾನು ಹತ್ತುತ್ತಾಳೆ. ತಂದೆ ಕೂಲಿಗೋ ಲಾರಿಗೋ ಹೋಗಿರುತ್ತಾನೆ. ಏಪ್ರಿಲ್ ಎರಡನೇ ವಾರದಿಂದ ಶಾಲೆಗೆ ರಜೆ. ಮನೆಯಲ್ಲಿರುವುದು ಕಣ್ಣು ಮಂಜಾದ ಅಜ್ಜಿ ಮತ್ತು ಮಕ್ಕಳು. ಸುಡುಬಿಸಿಲು. ಹತ್ತಿರದಲ್ಲಿ ಕೆರೆ, ನಾಲೆ, ಕೃಷಿ ಹೊಂಡ.

ಪಕ್ಕದೂರಿನ ಒಬ್ಬ ಹುಡುಗ ಹಾಗೇ ಹೋದ. ತಂದೆ ತಾಯಿ ಇಬ್ಬರೂ ದುಡಿಯಲು ಹೋಗಿದ್ದರು. ಚಪ್ಪಲಿಯನ್ನು ದಂಡೆಯ ಮೇಲೆ ಜೋಡಿಸಿಟ್ಟು ಹೊಂಡಕ್ಕೆ ಇಳಿದಿದ್ದ. ಜೊತೆಗಿದ್ದ ಚಿಕ್ಕವನು ಹೆದರಿ ಮನೆಗೆ ಓಡಿಬಂದು, ಬೈಸಿಕೊಳ್ಳುವ ಭಯಕ್ಕೆ ಬಹಳ ಹೊತ್ತು ಯಾರಿಗೂ ಹೇಳಲಿಲ್ಲ. ನಾನು ಆ ಮನೆಗೆ ಹೋದಾಗ ಆ ತಾಯಿ ಗಾರ್ಮೆಂಟ್ಸಿನ ಗುರುತಿನ ಚೀಟಿಯನ್ನು ಇನ್ನೂ ಕೊರಳಲ್ಲಿ ಹಾಕಿಕೊಂಡೇ ಕೂತಿದ್ದಳು. 'ಈಜೋಕೆ ಬತ್ತಿತ್ತು ಕಣಕ್ಕ ಅವ್ನಿಗೆ' ಎಂಬ ಒಂದೇ ಮಾತನ್ನು ಹೇಳುತ್ತಿದ್ದಳು. ನಿಜ, ಅವನಿಗೆ ಈಜು ಬರುತ್ತಿತ್ತು. ಆದರೆ ನೀರು ಇಂಗದಿರಲೆಂದು ಹೊಂಡಕ್ಕೆ ಹಾಸಿದ ಕಪ್ಪು ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ. ಇಳಿಜಾರು ಬದಿ, ಕೈಗೆ ಸಿಗುವ ಕಲ್ಲಿಲ್ಲ, ಬೇರಿಲ್ಲ. ಈಜು ಬಲ್ಲ ದೊಡ್ಡವರೇ ಹತ್ತಿ ಬರಲಾರದೆ ದಣಿದು ಮುಳುಗುತ್ತಾರೆ. ಕೆರೆಯಲ್ಲಿ ಈಜಿ ಬೆಳೆದ ನಮಗೆ ಈ ಅಪಾಯ ಹೊಸದು. ಅದನ್ನು ನಾವು ಮಕ್ಕಳಿಗೆ ಹೇಳಿಕೊಟ್ಟೇ ಇಲ್ಲ.

2014ರಲ್ಲಿ ಕೃಷಿ ಭಾಗ್ಯ ಬಂದಾಗಿನಿಂದ ಸಾವಿರಾರು ಹೊಂಡಗಳಾದವು. ಮಳೆಯಾಶ್ರಿತ ರೈತನಿಗೆ ಅದು ಜೀವ ಉಳಿಸಿದ ಯೋಜನೆ, ಅನುಮಾನವಿಲ್ಲ. ಹೊಂಡದ ಸುತ್ತ ತಂತಿ ಬೇಲಿ ಹಾಕುವುದಕ್ಕೂ ಆ ಯೋಜನೆಯಲ್ಲಿ ಸಹಾಯಧನವಿದೆ. ಆದರೂ ಬೇಲಿಯಿಲ್ಲದ ಹೊಂಡಗಳು ಎಷ್ಟಿವೆ ಎಂದು ನಿಮ್ಮ ವ್ಯಾಪ್ತಿಯಲ್ಲಿ ಒಂದು ದಿನ ಓಡಾಡಿದರೆ ನಿಮಗೇ ತಿಳಿಯುತ್ತದೆ. ಹಬ್ಬಕ್ಕೆ ಮುಂಚೆ ಆ ಓಡಾಟ ಮಾಡಿ. ಪ್ರತಿ ವಾರ್ಡಿನ ಸದಸ್ಯರು ತಮ್ಮ ವಾರ್ಡಿನ ಹೊಂಡ, ಹಾಳುಬಾವಿ, ಕಲ್ಲುಕ್ವಾರಿಯ ಗುಂಡಿಗಳ ಪಟ್ಟಿ ಮಾಡಲಿ. ಬೇಲಿ ಹಾಕಿಸಲು ರೈತ ಸಂಪರ್ಕ ಕೇಂದ್ರದವರನ್ನು ಕರೆಸಿ ರೈತರ ಜೊತೆ ಕೂರಿಸಿ. ಬೇಲಿ ಬರುವವರೆಗೆ ಕಾಯಬೇಕಿಲ್ಲ: ಮಾರಿಗೊಂದರಂತೆ ಗಂಟು ಹಾಕಿದ ದಪ್ಪ ಹಗ್ಗವನ್ನು ದಂಡೆಯ ಗೂಟಕ್ಕೆ ಕಟ್ಟಿ ನಾಲ್ಕೂ ಬದಿಯಿಂದ ನೀರಿಗೆ ಇಳಿಬಿಟ್ಟರೆ ಬಿದ್ದವರು ಹಿಡಿದು ಹತ್ತಬಹುದು. ಹಳೆಯ ಟ್ಯೂಬೊಂದು ತೇಲುತ್ತಿರಲಿ. ಇದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಡ. ಮುಳುಗುತ್ತಿರುವವರನ್ನು ಕಂಡರೆ ಹಾರಬಾರದು, ಸೀರೆ, ಹಗ್ಗ, ಖಾಲಿ ಕ್ಯಾನು ಏನಾದರೂ ಎಸೆದು ಕೂಗಿಕೊಳ್ಳಬೇಕು ಎಂದು ಮಕ್ಕಳಿಗೆ ಕಲಿಸಬೇಕು. ಒಬ್ಬರನ್ನು ಉಳಿಸಲು ಹೋಗಿ ಅಣ್ಣ ತಮ್ಮಂದಿರಿಬ್ಬರೂ ಮುಳುಗಿದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ.

ನಾಲೆಯ ಕಥೆ ಬೇರೆ. 2018ರ ನವೆಂಬರ್ 24ರ ಶನಿವಾರ, ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ 30 ಜನ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ನಮ್ಮ ಜಿಲ್ಲೆಯ ನಟ, ರಾಜಕಾರಣಿ ಅಂಬರೀಶ್ ತೀರಿಕೊಂಡರು. ಜಿಲ್ಲೆಗೆ ಜಿಲ್ಲೆಯೇ ಎರಡು ದುಃಖಗಳನ್ನು ಒಟ್ಟಿಗೆ ಹೊತ್ತ ದಿನ ಅದು. ಅದಾದ ಮೇಲೂ ಅದೇ ನಾಲೆಗೆ ಕಾರುಗಳು ಬಿದ್ದವು. ತಡೆಗೋಡೆ ಕಟ್ಟುವುದು ನೀರಾವರಿ ನಿಗಮದವರ, ಲೋಕೋಪಯೋಗಿಯವರ ಕೆಲಸ, ಒಪ್ಪುತ್ತೇನೆ. ಆದರೆ ನಿಮ್ಮ ವ್ಯಾಪ್ತಿಯಲ್ಲಿ ನಾಲೆ ಏರಿಯ ಯಾವ ತಿರುವಿಗೆ ಗೋಡೆಯಿಲ್ಲ ಎಂದು ಫೋಟೊ ಸಮೇತ ನಿರ್ಣಯ ಮಾಡಿ ಕಳಿಸುವುದು ನಿಮ್ಮ ಕೆಲಸ. ಒಮ್ಮೆ ಕಳಿಸಿ ಸುಮ್ಮನಾಗಬೇಡಿ, ಪ್ರತಿ ಸಭೆಯಲ್ಲೂ ಉತ್ತರ ಬಂತೇ ಎಂದು ಕೇಳಿ, ನಡಾವಳಿಯಲ್ಲಿ ಬರೆಸಿ. ಇನ್ನು ಬೇಸಿಗೆಯಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡುವಾಗ ಬೆಳಿಗ್ಗೆ ಒಣಗಿದ್ದ ನಾಲೆ ಸಂಜೆಗೆ ತುಂಬಿರುತ್ತದೆ. ನಿನ್ನೆ ಕ್ರಿಕೆಟ್ ಆಡಿದ ಜಾಗಕ್ಕೆ ಮಕ್ಕಳು ಇವತ್ತು ಅದೇ ಧೈರ್ಯದಲ್ಲಿ ಇಳಿಯುತ್ತಾರೆ. ನೀರು ಬಿಡುವ ಹಿಂದಿನ ದಿನ ಊರಲ್ಲಿ ಸಾರಿಸಿ. ನಿಮ್ಮ ಸ್ವಚ್ಛ ವಾಹಿನಿ ಹೇಗೂ ಮನೆಮನೆಯ ಮುಂದೆ ಮೈಕು ಹಾಕಿಕೊಂಡು ಬರುತ್ತದೆ. ಕಸದ ಹಾಡಿನ ನಡುವೆ ಈ ಎರಡು ಮಾತು ಬರಲಿ.

ಇಷ್ಟೆಲ್ಲ ಮಾಡಿದರೂ, ಹೋಗಲು ಬೇರೆ ಜಾಗವಿಲ್ಲದ ಮಗು ನೀರಿಗೇ ಹೋಗುತ್ತದೆ. ಆ ಜಾಗ ನಿಮ್ಮ ಹತ್ತಿರ ಇದೆ. ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. ರಜೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅದನ್ನು ತೆರೆದಿಡಿ. ಕೇರಂ, ಚೆಸ್, ಬಣ್ಣದ ಪೆನ್ಸಿಲು, ಒಂದು ತಟ್ಟೆ ಊಟ ಅಲ್ಲಿರಲಿ. ಊಟ ಅಂದಾಗ ನಗಬೇಡಿ: 2024ರ ಬರದ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳು ರಜೆಯಲ್ಲೂ ಬಿಸಿಯೂಟ ಕೊಟ್ಟವು. ಕೂಸಿನ ಮನೆ ಇರುವ ಕಡೆ ಹಸುಗೂಸುಗಳಿಗೆ ಆಸರೆ ಸಿಕ್ಕಿದೆ. ಅವುಗಳ ಅಕ್ಕ ಅಣ್ಣಂದಿರಿಗೆ ಎಲ್ಲಿದೆ? ಮಕ್ಕಳ ಗ್ರಾಮಸಭೆಯನ್ನು ಫೋಟೊ ತೆಗೆಸಿ ಮುಗಿಸದೆ, ಅಲ್ಲಿ ಅವರು ಕೇಳಿದ್ದನ್ನು ಒಮ್ಮೆ ತೆಗೆದು ಓದಿ. ಆಟದ ಮೈದಾನ ಮತ್ತು ಬೀದಿದೀಪ ಅವರ ಪಟ್ಟಿಯಲ್ಲಿ ಇದ್ದೇ ಇರುತ್ತದೆ.

ಬೀದಿದೀಪದ ಮಾತು ಬಂತು. ಸಂಜೆ ಗಾರ್ಮೆಂಟ್ಸಿನ ವ್ಯಾನು ಇಳಿಸುವ ಜಾಗದಿಂದ ಕೇರಿಯ ಕೊನೆಯ ಮನೆಯವರೆಗೆ ನೀವೇ ಒಂದು ರಾತ್ರಿ ನಡೆದು ನೋಡಿ. ಊರ ನಡುವೆ, ಅಧ್ಯಕ್ಷರ ಮನೆಯ ಮುಂದೆ ಬೆಳಕಿರುತ್ತದೆ. ಕತ್ತಲೆ ಶುರುವಾಗುವುದು ಪರಿಶಿಷ್ಟರ ಕೇರಿಯ ತಿರುವಿನಿಂದ. ಕೆಟ್ಟ ಬಲ್ಬು ಬದಲಿಸಲು ಹೊಸ ಯೋಜನೆ ಬೇಕಿಲ್ಲ, ಕೆಟ್ಟಿದೆ ಎಂದು ಬರೆದುಕೊಳ್ಳುವ ಒಂದು ಪುಸ್ತಕ ಮತ್ತು ಬರೆದದ್ದನ್ನು ಓದುವ ಒಬ್ಬರು ಬೇಕು.

ಹಬ್ಬದ ಜೂಜಿನ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಯುಗಾದಿಗೆ ಎಲೆ ಹಾಕುವುದು ಶಾಸ್ತ್ರ ಎನ್ನುತ್ತಾರೆ. ಅಂದರ್ ಬಾಹರ್‌ನಲ್ಲಿ ಹೆಂಡತಿಯ ಕಂತಿನ ದುಡ್ಡು ಕಳೆಯುವುದು ಯಾವ ಶಾಸ್ತ್ರದಲ್ಲೂ ಇಲ್ಲ. ಹಬ್ಬದ ಆಸುಪಾಸಿನಲ್ಲೇ ಐಪಿಎಲ್ ಬೆಟ್ಟಿಂಗ್ ಶುರುವಾಗುತ್ತದೆ, ಮೊಬೈಲಿನಲ್ಲಿ ಕೂತಲ್ಲೇ ಸಾಲ ಹುಟ್ಟುತ್ತದೆ. ನಿಮ್ಮಲ್ಲಿ ಕೆಲವರು ಎಲೆಯಾಟದ ಮಾಳಕ್ಕೆ ಹೋಗಿ ಕೂರುತ್ತೀರಿ, ಇಲ್ಲವೆನ್ನಬೇಡಿ. ಹೋಗಬೇಡಿ. ಸದಸ್ಯರೇ ಕೂತ ಮಾಳಕ್ಕೆ ಬೀಟ್ ಪೊಲೀಸರು ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದೆ.

ನಮ್ಮ ಊರುಗಳಲ್ಲಿ ಈಗ ನಮ್ಮವರಷ್ಟೇ ಇಲ್ಲ. ಆಲೆಮನೆಗಳಲ್ಲಿ ಉತ್ತರ ಪ್ರದೇಶ, ಬಿಹಾರದಿಂದ ಬಂದವರು ಬೆಲ್ಲ ಕಾಯಿಸುತ್ತಾರೆ. ಇಟ್ಟಿಗೆ ಗೂಡಿನ ಪಕ್ಕದ ಟಾರ್ಪಾಲಿನ ಗುಡಿಸಲಲ್ಲಿ ಉತ್ತರ ಕರ್ನಾಟಕದ ಕುಟುಂಬಗಳಿವೆ. ಅವರ ಮಕ್ಕಳು ಯಾವ ಅಂಗನವಾಡಿಯ ಲೆಕ್ಕದಲ್ಲೂ ಇರುವುದಿಲ್ಲ, ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿಯ ನೀರಿನ ಅಂಚಿನಲ್ಲೇ ಆಡುತ್ತಿರುತ್ತವೆ. ಅವರು ನಿಮ್ಮ ಮತದಾರರಲ್ಲ. ಆದರೆ ನಮ್ಮ ಒಬ್ಬಟ್ಟಿನ ಬೆಲ್ಲ ಅವರ ಕೈಯಿಂದ ಬಂದದ್ದು. ಊರು ಎಂದು ನೀವು ಬರೆಯುವಾಗ ಆ ಗುಡಿಸಲುಗಳೂ ಅದರೊಳಗಿರಲಿ. ನಿಮ್ಮ ಪಟ್ಟಿಯಲ್ಲಿ ಆ ಗುಂಡಿಗಳನ್ನು ಮೊದಲು ಬರೆಯಿರಿ.

ಅನುದಾನವಿಲ್ಲ, ಅಧಿಕಾರವಿಲ್ಲ ಎಂಬ ಮಾತು ನಿಮ್ಮಿಂದ ಬರುತ್ತದೆಂದು ಗೊತ್ತು. ಅದರಲ್ಲಿ ಸುಳ್ಳಿಲ್ಲ. ಬಡ್ಡಿ ದರ ಇಳಿಸುವುದು, ಬೇಳೆಯ ಬೆಲೆ ಕಟ್ಟುವುದು ನಿಮ್ಮಿಂದಾಗದು; ಪೊಲೀಸ್ ಠಾಣೆ ನಿಮ್ಮ ಮಾತು ಕೇಳಲೇಬೇಕೆಂದಿಲ್ಲ. ಆದರೆ 1993ರ ಪಂಚಾಯತ್ ರಾಜ್ ಕಾಯ್ದೆ ನಿಮಗೆ ಗ್ರಾಮಸಭೆಯನ್ನು ಕೊಟ್ಟಿದೆ. ಆರು ತಿಂಗಳಿಗೊಮ್ಮೆಯಾದರೂ ಅದನ್ನು ಕರೆಯಲೇಬೇಕು; ಹೆಚ್ಚು ಸಲ ಕರೆಯಬಾರದೆಂದು ಎಲ್ಲೂ ಇಲ್ಲ. ಠಾಣೆಯ ಅಧಿಕಾರಿ, ಬ್ಯಾಂಕಿನವರು, ಕಿರುಸಾಲದ ಕಂಪನಿಗಳ ಸ್ಥಳೀಯ ಮ್ಯಾನೇಜರು, ಚೆಸ್ಕಾಂನ ಲೈನ್‌ಮ್ಯಾನ್, ನೀರಗಂಟಿ, ಕೃಷಿ ಅಧಿಕಾರಿ, ಶಾಲೆಯ ಮೇಷ್ಟ್ರು ಇವರನ್ನೆಲ್ಲ ಒಂದೇ ಚಾವಣಿಯ ಕೆಳಗೆ, ಹೆಂಗಸರ ಎದುರಿಗೆ ಕೂರಿಸಬಲ್ಲವರು ಈ ಊರಲ್ಲಿ ನೀವೊಬ್ಬರೇ. ಜಗಲಿಯಲ್ಲಿ ಒಬ್ಬಳೇ ಕೂತಾಗ ಬಾಯಿ ಬಾರದ ಹೆಣ್ಣು ಅಲ್ಲಿ ಮಾತಾಡುತ್ತಾಳೆ. ಹಾಗೆ ಮಾತಾಡಿದ್ದನ್ನು ನಾನು ನಮ್ಮ ಸಂಘದ ಸಭೆಗಳಲ್ಲಿ ಕಂಡಿದ್ದೇನೆ.

ಆದ್ದರಿಂದ ಯುಗಾದಿಗೆ ಕನಿಷ್ಠ ಎರಡು ವಾರ ಮುಂಚೆ ಒಂದು ವಿಶೇಷ ಗ್ರಾಮಸಭೆ ಕರೆಯಿರಿ. ಹಗಲು ಹನ್ನೊಂದು ಗಂಟೆಗಲ್ಲ. ಕೂಲಿಯವರು, ಗಾರ್ಮೆಂಟ್ಸಿನವರು ಮನೆ ಸೇರಿದ ಮೇಲೆ, ಸಂಜೆ ಇಡಿ. ಅಲ್ಲಿ ಆದ ತೀರ್ಮಾನಗಳೇ ನಿಮ್ಮ ಈ ಸಲದ ಹಬ್ಬದ ಸಂದೇಶವಾಗಲಿ. ಕಂತಿಗೆ ಯಾವ ಹೊತ್ತು, ಯಾವ ಜಾಗ; ಒಕ್ಕೂಟದಲ್ಲಿ ಬೇಳೆ ಬೆಲ್ಲ ಯಾವ ದಿನ ಸಿಗುತ್ತದೆ; ಸಂತೆ ಸುಂಕ ಯಾರಿಗೆ ಮನ್ನಾ; ಯಾವ ಹೊಂಡಗಳಿಗೆ ಹಗ್ಗ ಕಟ್ಟಿಯಾಯಿತು, ಯಾವುದಕ್ಕೆ ಬಾಕಿ; ರಜೆಯಲ್ಲಿ ಮಕ್ಕಳು ಎಲ್ಲಿಗೆ ಬರಬೇಕು; ಇಷ್ಟನ್ನು ಬರೆದು ಮನೆಮನೆಗೆ ಹಂಚಿ. ಕೆಳಗೆ ತುರ್ತಿಗೆ 112, ಆಂಬುಲೆನ್ಸಿಗೆ 108, ಮಕ್ಕಳ ಸಹಾಯವಾಣಿ 1098, ಮೊಬೈಲಿನಲ್ಲಿ ಹಣ ಮೋಸವಾದರೆ 1930, ಹೆಣ್ಣುಮಕ್ಕಳಿಗೆ 181 ಎಂದು ಹಾಕಿ. ಅದರ ಮೇಲೆ ನಿಮ್ಮ ಹೆಸರು, ಫೋಟೊ ಇದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ಆ ಕಾಗದವನ್ನು ಹೆಂಗಸರು ದೇವರ ಗೂಡಿನಲ್ಲಿಟ್ಟುಕೊಳ್ಳುತ್ತಾರೆ.

ನಮ್ಮ ಸಂಘದ ಹೆಂಗಸರು ಹೊಂಡಗಳ ಪಟ್ಟಿ ಮಾಡಲು ನಿಮ್ಮ ಜೊತೆ ನಡೆಯಲು ಸಿದ್ಧರಿದ್ದಾರೆ. ಒಕ್ಕೂಟದ ಸಾಮಾನಿನ ಲೆಕ್ಕ ಬರೆಯಲು ನಾನಿದ್ದೇನೆ. ಸಭೆಯ ದಿನ, ಹೊತ್ತು ಗೊತ್ತುಮಾಡಿ ಡಂಗುರ ಸಾರಿಸಿ; ಬಂದು ಮುಂದಿನ ಸಾಲಿನಲ್ಲಿ ಕೂರುತ್ತೇವೆ.

ನಿಮಗೂ ನಿಮ್ಮ ಮನೆಯವರಿಗೂ ಯುಗಾದಿಯ ಶುಭಾಶಯಗಳು.

ಇಂತಿ ತಮ್ಮ ವಿಶ್ವಾಸಿ,
ಸ್ತ್ರೀಶಕ್ತಿ ಸಂಘವೊಂದರ ಪುಸ್ತಕ ಬರೆಯುವವಳು
ಹಾಗೂ ಗ್ರಾಮಸಭೆಯ ಸದಸ್ಯೆ
ಮಂಡ್ಯ ಜಿಲ್ಲೆ